ಉಷ್ಣವಲಯದ ದೇಶಗಳಿಗೆ ಹೊರಡುವವರು ಮಲೇರಿಯಾದಿಂದ ರಕ್ಷಿಸಿಕೊಳ್ಳುವ ಬಗೆ

ಮಲೇರಿಯಾ ಇರುವ ದೇಶಕ್ಕೆ ಹೋಗಿಬಂದವರಲ್ಲಿ ಈ ಜ್ವರ ಎಷ್ಟೋ ಸಲ ಕಾಣಿಸಿಕೊಳ್ಳುವುದು ಪ್ರವಾಸದ ನಡುವೆಯಲ್ಲ, ಮನೆಗೆ ಮರಳಿದ ಮೇಲೆ. ಸೋಂಕು ಹೊತ್ತ ಅನಾಫಿಲಿಸ್ ಹೆಣ್ಣು ಸೊಳ್ಳೆ ಕಚ್ಚಿದಾಗ ದೇಹವನ್ನು ಸೇರುವ ಪರಾವಲಂಬಿಯು ಮೊದಲು ಯಕೃತ್ತಿನಲ್ಲಿ ಸದ್ದಿಲ್ಲದೆ ವೃದ್ಧಿಯಾಗುತ್ತದೆ. ಆಮೇಲೆ ರಕ್ತಕ್ಕಿಳಿದು ಕೆಂಪು ರಕ್ತಕಣಗಳನ್ನು ಒಡೆಯತೊಡಗಿದಾಗ ಮಾತ್ರ ಚಳಿ, ನಡುಕ, ಜ್ವರ ಶುರುವಾಗುತ್ತವೆ. ಇದಕ್ಕೆ ಕಡಿಮೆಯೆಂದರೂ 7 ದಿನ, ಬಹುಪಾಲು ಸಂದರ್ಭಗಳಲ್ಲಿ ಕೆಲವು ವಾರ, ಒಮ್ಮೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಹಾಗಾಗಿ ಮುನ್ನೆಚ್ಚರಿಕೆಯು ಹೊರಡುವ ಮೊದಲೇ ಆರಂಭವಾಗಬೇಕು, ಮರಳಿದ ಮೇಲೂ ನಿಲ್ಲಬಾರದು.

ಪ್ರಯಾಣಕ್ಕೆ 4ರಿಂದ 6 ವಾರ ಮುಂಚೆ ವೈದ್ಯರನ್ನು ಕಾಣಿರಿ. ಆಗ ದೇಶದ ಹೆಸರೊಂದನ್ನು ಹೇಳಿದರೆ ಸಾಲದು. ಯಾವ ಊರುಗಳು, ಯಾವ ತಿಂಗಳು, ರಾತ್ರಿ ಎಲ್ಲಿ ತಂಗುತ್ತೀರಿ ಎಂಬ ವಿವರವೂ ಬೇಕು. ಇಥಿಯೋಪಿಯಾದಲ್ಲಿ ಎತ್ತರದ ಪ್ರಸ್ಥಭೂಮಿಯ ಮೇಲಿರುವ ಅಡಿಸ್ ಅಬಾಬದಲ್ಲಿ ಅಪಾಯ ಅತ್ಯಲ್ಪ, ಆದರೆ ಅದೇ ದೇಶದ ತಗ್ಗು ಪ್ರದೇಶಗಳಿಗೆ ಇಳಿದರೆ ಪರಿಸ್ಥಿತಿಯೇ ಬೇರೆ. ಶ್ರೀಲಂಕಾ 2016ರಲ್ಲಿ, ಚೀನಾ 2021ರಲ್ಲಿ ಮಲೇರಿಯಾ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯಿಂದ ಮಾನ್ಯತೆ ಪಡೆದಿವೆ. ಇನ್ನೊಂದೆಡೆ, 2023ರಲ್ಲಿ ಜಗತ್ತಿನಾದ್ಯಂತ ಸುಮಾರು 26.3 ಕೋಟಿ ಪ್ರಕರಣಗಳೂ 5.97 ಲಕ್ಷ ಸಾವುಗಳೂ ಸಂಭವಿಸಿದವೆಂದು ಆ ಸಂಸ್ಥೆ ಅಂದಾಜಿಸಿದ್ದು, ಇವುಗಳಲ್ಲಿ ಬಹುತೇಕ ಎಲ್ಲವೂ ಆಫ್ರಿಕಾದವು. ಮಲೇರಿಯಾ ಪರಾವಲಂಬಿಯ ಪ್ರಭೇದಗಳಲ್ಲಿ ಪ್ರಾಣಕ್ಕೆ ಕುತ್ತು ತರುವ ಫಾಲ್ಸಿಪ್ಯಾರಮ್ ಅಲ್ಲಿ ಪ್ರಧಾನ.

ಗರ್ಭಿಣಿಯರು ಇಂಥ ಪ್ರದೇಶದ ಪ್ರವಾಸವನ್ನು ಮುಂದೂಡುವುದೇ ಒಳಿತು, ಏಕೆಂದರೆ ಅವರಲ್ಲಿ ರೋಗ ಬೇಗ ಉಲ್ಬಣಿಸುತ್ತದೆ, ಗರ್ಭಪಾತದ ಭಯವೂ ಇದೆ. ಪುಟ್ಟ ಮಕ್ಕಳ ವಿಷಯದಲ್ಲೂ ಇಷ್ಟೇ ಎಚ್ಚರ ಬೇಕು. ನನಗೆ ಹೆಚ್ಚು ಕಳವಳ ಹುಟ್ಟಿಸುವವರು ಮಾತ್ರ ಬೇರೆಯವರು: ಮಲೇರಿಯಾ ಇರುವ ನಾಡಿನಲ್ಲೇ ಹುಟ್ಟಿ ಬೆಳೆದು, ದೂರ ದೇಶದಲ್ಲಿ ನೆಲೆಸಿ, ಈಗ ಬಂಧುಗಳನ್ನು ನೋಡಲು ಹೊರಟವರು. ಬಾಲ್ಯದಲ್ಲಿ ಬಂದ ರೋಗನಿರೋಧಕ ಶಕ್ತಿ ಪೂರ್ಣವಾದುದಲ್ಲ; ಆ ನೆಲ ಬಿಟ್ಟ ಮೇಲೆ ಅದೂ ಕುಂದುತ್ತ ಹೋಗುತ್ತದೆ. ಅಲ್ಲಿಯೇ ಬೆಳೆದವರು ನಾವು, ನಮಗೇನಾದೀತು ಎಂದು ಮಲೇರಿಯಾ ತಡೆಯುವ ಮಾತ್ರೆ ಬಿಟ್ಟವರು ಹೊಸಬರಷ್ಟೇ ಅಪಾಯಕ್ಕೆ ಒಡ್ಡಿಕೊಳ್ಳುತ್ತಾರೆ.

ಮಾತ್ರೆಗಳ ಆಯ್ಕೆಯನ್ನು ವೈದ್ಯರಿಗೆ ಬಿಡಬೇಕು, ಆದರೆ ಅವುಗಳ ವೇಳಾಪಟ್ಟಿಯ ಹಿಂದಿನ ಕಾರಣವನ್ನು ಪ್ರಯಾಣಿಕರು ತಿಳಿದಿರಬೇಕು. ಅಟೊವಾಕ್ವೋನ್-ಪ್ರೊಗ್ವಾನಿಲ್ ಅನ್ನು ಹೊರಡುವ 1–2 ದಿನ ಮೊದಲು ಆರಂಭಿಸಿ, ದಿನವೂ ಊಟ ಅಥವಾ ಹಾಲಿನೊಂದಿಗೆ ಸೇವಿಸಿ, ಅಪಾಯದ ಪ್ರದೇಶವನ್ನು ಬಿಟ್ಟ ಮೇಲೆ 7 ದಿನ ಮುಂದುವರಿಸಬೇಕು. ಡಾಕ್ಸಿಸೈಕ್ಲಿನ್ ಕೂಡ ದಿನನಿತ್ಯದ ಮಾತ್ರೆಯೇ, ಆದರೆ ಮರಳಿದ ಮೇಲೆ ಅದನ್ನು 4 ವಾರ ನುಂಗಬೇಕು. ವಾರಕ್ಕೊಮ್ಮೆ ಸೇವಿಸುವ ಮೆಫ್ಲೋಕ್ವಿನ್ ಅನ್ನು 2–3 ವಾರ ಮುಂಚೆಯೇ ಆರಂಭಿಸಬೇಕು, ಅದಕ್ಕೂ ಕೊನೆಯಲ್ಲಿ 4 ವಾರ ಬೇಕು. ಈ ವ್ಯತ್ಯಾಸಕ್ಕೆ ಕಾರಣ ಸರಳ: ಮೊದಲನೆಯದು ಫಾಲ್ಸಿಪ್ಯಾರಮ್ ಪರಾವಲಂಬಿಯನ್ನು ಯಕೃತ್ತಿನಲ್ಲೇ ಕೊಲ್ಲಬಲ್ಲದು, ಉಳಿದೆರಡು ಮುಖ್ಯವಾಗಿ ರಕ್ತದಲ್ಲಿ ಕೆಲಸ ಮಾಡುವುದರಿಂದ, ಪ್ರವಾಸದ ಕೊನೆಯ ರಾತ್ರಿ ಒಳಹೊಕ್ಕ ಪರಾವಲಂಬಿಯು ಯಕೃತ್ತಿನಿಂದ ಹೊರಬರುವ ತನಕ ಅವು ರಕ್ತದಲ್ಲಿ ಕಾದಿರಬೇಕು. ಮನೆ ಸೇರಿದೆವೆಂದು ಮಾತ್ರೆ ನಿಲ್ಲಿಸುವುದೆಂದರೆ ಕಾವಲುಗಾರರನ್ನು ಅವರು ಬೇಕಾದ ಹೊತ್ತಿನಲ್ಲೇ ಮನೆಗೆ ಕಳುಹಿಸಿಬಿಟ್ಟಂತೆ.

ಡಾಕ್ಸಿಸೈಕ್ಲಿನ್ ನುಂಗುವಾಗ ಲೋಟ ತುಂಬ ನೀರು ಕುಡಿಯಿರಿ, ನುಂಗಿದ ಕೂಡಲೇ ಮಲಗಬೇಡಿ. ಮಾತ್ರೆ ಅನ್ನನಾಳಕ್ಕೆ ಅಂಟಿಕೊಂಡರೆ ಅಲ್ಲಿ ಹುಣ್ಣಾಗುತ್ತದೆ. ಬಿಸಿಲಿಗೆ ಚರ್ಮ ಬೇಗ ಸುಡುವುದೂ ಉಂಟು. ಖಿನ್ನತೆ ಅಥವಾ ಅಪಸ್ಮಾರ ಇದ್ದವರಿಗೆ ಮೆಫ್ಲೋಕ್ವಿನ್ ಸಲ್ಲದು, ಆದ್ದರಿಂದ ಹಳೆಯ ಕಾಯಿಲೆಗಳನ್ನು ವೈದ್ಯರಿಂದ ಮುಚ್ಚಿಡಬೇಡಿ. ಕೆಲವು ದೇಶಗಳಲ್ಲಿ ನಕಲಿ ಔಷಧಿಗಳ ಹಾವಳಿಯಿರುವುದರಿಂದ ಪೂರ್ತಿ ಅವಧಿಗೆ ಸಾಕಾಗುವಷ್ಟನ್ನು ಹೊರಡುವ ಮೊದಲೇ ಕೊಳ್ಳುವುದು ಲೇಸು. ಈಗ ಬಳಕೆಯಲ್ಲಿರುವ ಲಸಿಕೆಗಳು ಮಲೇರಿಯಾ ಪ್ರದೇಶದಲ್ಲಿ ವಾಸಿಸುವ ಮಕ್ಕಳಿಗಾಗಿ ಇರುವಂಥವು; ಪ್ರಯಾಣಿಕರು ಅವನ್ನು ನೆಚ್ಚುವಂತಿಲ್ಲ.

ಯಾವ ಮಾತ್ರೆಯೂ ನೂರಕ್ಕೆ ನೂರು ರಕ್ಷಣೆ ಕೊಡುವುದಿಲ್ಲವಾದ್ದರಿಂದ ಸೊಳ್ಳೆ ಕಚ್ಚದಂತೆ ನೋಡಿಕೊಳ್ಳಲೇಬೇಕು. ಅನಾಫಿಲಿಸ್ ಕಚ್ಚುವುದು ಮುಖ್ಯವಾಗಿ ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ. ಹೊತ್ತು ಮುಳುಗುವ ಮುನ್ನವೇ ತುಂಬುತೋಳಿನ ಅಂಗಿ, ಕಾಲು ಮುಚ್ಚುವ ಉಡುಪು, ಕಾಲುಚೀಲ ಧರಿಸಿ, ತೆರೆದ ಚರ್ಮಕ್ಕೆ ಡೀಟ್ ಅಥವಾ ಪಿಕಾರಿಡಿನ್ ಇರುವ ಸೊಳ್ಳೆ ನಿವಾರಕವನ್ನು ಹಚ್ಚಿಕೊಳ್ಳಿ; ಡೀಟ್ ಪ್ರಮಾಣ ಶೇ. 20ರಿಂದ 50ರಷ್ಟಿರಲಿ. ಸನ್‌ಸ್ಕ್ರೀನ್ ಬಳಸುವವರು ಅದನ್ನು ಮೊದಲು ಹಚ್ಚಿ, ಒಣಗಿದ ಮೇಲೆ ನಿವಾರಕವನ್ನು ಹಚ್ಚಬೇಕು.

ಸೊಳ್ಳೆ ಪರದೆಯ ವಿಷಯದಲ್ಲಿ ಆಗುವ ತಪ್ಪುಗಳು ಬಹಳ ಚಿಕ್ಕವು. ಕತ್ತಲಾಗುವ ಮೊದಲೇ ಅದನ್ನು ಬಿಡಿಸಿ, ಬೆಳಕಿಗೆ ಹಿಡಿದು ತೂತುಗಳನ್ನು ಹುಡುಕಿ, ಹರಿದ ಕಡೆ ಹೊಲಿಯಿರಿ ಇಲ್ಲವೇ ಗಂಟು ಹಾಕಿ. ಅಂಚನ್ನು ನಾಲ್ಕೂ ಕಡೆ ಹಾಸಿಗೆಯ ಅಡಿಗೆ ಸಿಕ್ಕಿಸಿದ ಬಳಿಕ ಒಳಗೆ ಸೊಳ್ಳೆ ಉಳಿದಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ನಿದ್ದೆಯಲ್ಲಿ ಮೊಣಕೈ ಪರದೆಗೆ ತಾಗಿದರೆ ಸೊಳ್ಳೆ ಹೊರಗಿನಿಂದಲೇ ಕಚ್ಚಬಲ್ಲದು. ಪರ್ಮೆಥ್ರಿನ್‌ನಂಥ ಕೀಟನಾಶಕ ಲೇಪಿಸಿದ ಪರದೆಯನ್ನೇ ಆರಿಸಿಕೊಳ್ಳಬೇಕೆನ್ನುವುದು ಇದಕ್ಕಾಗಿ.

ಅಪಾಯದ ಪ್ರದೇಶಕ್ಕೆ ಕಾಲಿಟ್ಟ 7 ದಿನಗಳ ನಂತರ, ಅಥವಾ ಮರಳಿ ಬಂದು ಒಂದು ವರ್ಷದೊಳಗೆ, ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೋಗಿ. ತಲೆನೋವು, ಮೈಕೈ ನೋವು, ವಾಂತಿ, ಭೇದಿ ಇದ್ದಾಗ ಅದು ಫ್ಲೂ ಅಥವಾ ಹೊಟ್ಟೆ ಕೆಟ್ಟದ್ದೆಂದು ತೋರುವುದು ಸಹಜ, ಆದರೆ ಚಿಕಿತ್ಸೆ ಸಿಗದ ಫಾಲ್ಸಿಪ್ಯಾರಮ್ ಒಂದೆರಡು ದಿನಗಳಲ್ಲೇ ಪ್ರಾಣಾಪಾಯದ ಹಂತ ತಲುಪಬಲ್ಲದು. ಯಾವ ದೇಶಕ್ಕೆ ಹೋಗಿದ್ದಿರಿ, ಯಾವಾಗ ಬಂದಿರಿ ಎಂಬುದನ್ನು ವೈದ್ಯರು ಕೇಳುವ ಮೊದಲೇ ಹೇಳಿ, ಮಲೇರಿಯಾಕ್ಕಾಗಿ ರಕ್ತ ಪರೀಕ್ಷೆ ಮಾಡುವಂತೆ ನೀವೇ ಕೇಳಿ. ಮಾತ್ರೆಗಳನ್ನು ತಪ್ಪದೆ ನುಂಗಿದ್ದರೂ ಕೇಳಿ. ಮೊದಲ ಪರೀಕ್ಷೆಯಲ್ಲಿ ರೋಗಾಣು ಸಿಗದಿದ್ದರೆ ಅಲ್ಲಿಗೇ ಬಿಡದೆ, 12ರಿಂದ 24 ಗಂಟೆಗಳ ಅಂತರದಲ್ಲಿ ಇನ್ನೆರಡು ಬಾರಿ ರಕ್ತ ಪರೀಕ್ಷಿಸಬೇಕಾಗುತ್ತದೆ. ವೈವ್ಯಾಕ್ಸ್ ಮತ್ತು ಓವೇಲ್ ಪ್ರಭೇದಗಳು ಯಕೃತ್ತಿನಲ್ಲಿ ಸುಪ್ತವಾಗಿ ಉಳಿದು ತಿಂಗಳುಗಳ ನಂತರ ಮರುಕಳಿಸುತ್ತವೆ. ಅವನ್ನು ಬೇರುಸಹಿತ ಕೀಳಲು ಪ್ರೈಮಾಕ್ವಿನ್‌ನಂಥ ಔಷಧಿ ಬೇಕು, ಅದನ್ನು ಕೊಡುವ ಮೊದಲು ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಕಿಣ್ವದ ಕೊರತೆಯಿಲ್ಲವೆಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು.