ಕಾದಂಬರಿಯಿಂದ ಸರಣಿ ದೂರ ಸರಿದಾಗ ವಾದ ಮಾಡುವುದು ಹೇಗೆ: ‘ಹೌಸ್ ಆಫ್ ದಿ ಡ್ರ್ಯಾಗನ್’ ಅಭಿಮಾನಿಗಳಿಗಾಗಿ

‘ಪುಸ್ತಕದಲ್ಲಿ ಹೀಗಿರಲಿಲ್ಲ’ ಎಂಬ ಮಾತಿನಿಂದ ಆರಂಭವಾಗುವ ವಾದ ಬಹುಪಾಲು ಅಲ್ಲಿಯೇ ನಿಂತುಬಿಡುತ್ತದೆ. ಓದಿದವರು ತಮ್ಮ ಮೆಚ್ಚಿನ ಸನ್ನಿವೇಶ ಕಾಣೆಯಾಯಿತೆಂದು ನೊಂದುಕೊಳ್ಳುತ್ತಾರೆ. ಓದದವರು ಪರದೆಯ ಮೇಲಿರುವುದನ್ನಷ್ಟೇ ನೋಡಿ ತೀರ್ಮಾನಿಸಿ ಎನ್ನುತ್ತಾರೆ. ಎರಡೂ ಮಾತುಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ 2018ರ ‘ಫೈರ್ ಅಂಡ್ ಬ್ಲಡ್’ ಪುಸ್ತಕವನ್ನು ಆಧರಿಸಿ 2022ರ ಆಗಸ್ಟ್‌ನಲ್ಲಿ ಎಚ್‌ಬಿಒ ಆರಂಭಿಸಿದ ‘ಹೌಸ್ ಆಫ್ ದಿ ಡ್ರ್ಯಾಗನ್’ ಸರಣಿಯ ಬಗ್ಗೆ ಈ ಜಗಳ ವಿಶೇಷವಾಗಿ ಜೋರಾಗಿದೆ. ರಾಜನ ಮಗಳು ರೆನೀರಾ ಒಂದು ಕಡೆ, ರಾಜನ ಎರಡನೆಯ ಹೆಂಡತಿ ಅಲಿಸೆಂಟ್ ತನ್ನ ಮಗನಿಗಾಗಿ ಇನ್ನೊಂದು ಕಡೆ ನಿಂತು, ಒಂದೇ ರಾಜವಂಶದೊಳಗೆ ಸಿಂಹಾಸನಕ್ಕಾಗಿ ನಡೆಯುವ ಯುದ್ಧ ಇದರ ಕಥೆ. ಅದನ್ನು ಫಲ ಕೊಡುವ ಚರ್ಚೆಯಾಗಿ ನಡೆಸುವ ಕ್ರಮವೊಂದನ್ನು ಇಲ್ಲಿ ವಿವರಿಸುತ್ತೇನೆ. ಮೊದಲ ಎರಡು ಸೀಸನ್‌ಗಳ ಕಥೆಯೂ ಪುಸ್ತಕದಲ್ಲಿ ಅದರಾಚೆಗೆ ಬರುವ ಕೆಲವು ಸಂಗತಿಗಳೂ ಇಲ್ಲಿ ಬಯಲಾಗುತ್ತವೆ ಎಂಬುದನ್ನು ಓದುಗರು ಗಮನದಲ್ಲಿಡಬೇಕು.

ಮೊದಲು ಪುಸ್ತಕವನ್ನು ಮತ್ತೊಮ್ಮೆ ತೆರೆದು, ವಿವಾದದ ಸಂಗತಿಯ ಬಗ್ಗೆ ಅದು ನಿಜವಾಗಿ ಏನು ಹೇಳುತ್ತದೆ ಎಂದು ನೋಡಿ. ನೆನಪನ್ನು ನಂಬಬೇಡಿ. ಈ ಪುಸ್ತಕದ ವಿಷಯದಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಇದು ಸಾಮಾನ್ಯ ಅರ್ಥದ ಕಾದಂಬರಿಯಲ್ಲ. ಗಿಲ್ಡೇನ್ ಎಂಬ ಕಲ್ಪಿತ ವಿದ್ವಾಂಸನೊಬ್ಬ ಘಟನೆಗಳು ನಡೆದು ಎಷ್ಟೋ ಕಾಲವಾದ ಮೇಲೆ ಬರೆದ ರಾಜವಂಶದ ಚರಿತ್ರೆ ಎಂಬ ರೂಪದಲ್ಲಿದೆ. ಗಿಲ್ಡೇನ್ ಯಾವುದನ್ನೂ ಕಣ್ಣಾರೆ ಕಂಡವನಲ್ಲ. ಪುರೋಹಿತ ಯೂಸ್ಟೇಸ್, ಪಂಡಿತ ಮನ್‌ಕನ್, ಆಸ್ಥಾನದ ವಿದೂಷಕ ಮಶ್ರೂಮ್ ಬಿಟ್ಟುಹೋದ ಬರಹಗಳನ್ನು ಎದುರಿಗಿಟ್ಟುಕೊಂಡು, ಒಬ್ಬ ಹೀಗೆನ್ನುತ್ತಾನೆ, ಇನ್ನೊಬ್ಬ ಹಾಗೆನ್ನುತ್ತಾನೆ ಎಂದು ತೂಗಿ ನೋಡುತ್ತಾನೆ. ಆದ್ದರಿಂದ ನೀವು ‘ಬದಲಾವಣೆ’ ಎಂದು ಕರೆಯುವುದು ಮೂರರಲ್ಲಿ ಯಾವುದು ಎಂದು ಮೊದಲೇ ಹೇಳಬೇಕಾಗುತ್ತದೆ: ಪುಸ್ತಕ ಮೌನವಾಗಿರುವ ಕಡೆ ಸರಣಿ ತುಂಬಿಕೊಟ್ಟದ್ದೇ, ಪುಸ್ತಕದಲ್ಲೇ ಭಿನ್ನಾಭಿಪ್ರಾಯವಿರುವ ಕಡೆ ಸರಣಿ ಒಂದನ್ನು ಆರಿಸಿಕೊಂಡದ್ದೇ, ಅಥವಾ ಪುಸ್ತಕದಲ್ಲಿ ಖಚಿತವಾಗಿರುವುದನ್ನೇ ಸರಣಿ ಬೇರೆ ಮಾಡಿದ್ದೇ?

ಎರಡನೆಯ ಬಗೆಗೆ ರಾಜನ ಅಂಗರಕ್ಷಕ ಕ್ರಿಸ್ಟನ್ ಕೋಲ್‌ನ ಪ್ರಸಂಗ ಒಳ್ಳೆಯ ನಿದರ್ಶನ. ಯೂಸ್ಟೇಸನ ಪ್ರಕಾರ ಅವನೇ ರಾಜಕುಮಾರಿ ರೆನೀರಾಳ ಬಳಿಗೆ ಹೋಗಿ ಪ್ರೇಮ ನಿವೇದಿಸಿ, ಸಮುದ್ರದಾಚೆಗೆ ಓಡಿಹೋಗೋಣವೆಂದು ಕೇಳುತ್ತಾನೆ, ಅವಳು ಒಪ್ಪುವುದಿಲ್ಲ; ಮಶ್ರೂಮನ ಪ್ರಕಾರ ಅವಳೇ ಅವನ ಕೋಣೆಗೆ ಹೋಗುತ್ತಾಳೆ, ಅವನು ಒಪ್ಪುವುದಿಲ್ಲ. ಸರಣಿಯ ಮೊದಲ ಸೀಸನ್ ಈ ಎರಡನ್ನೂ ಬಿಡದೆ ಒಂದರ ಹಿಂದೊಂದು ಜೋಡಿಸಿದೆ: ಮೊದಲು ಅವಳು ಅವನನ್ನು ಸೆಳೆಯುತ್ತಾಳೆ, ಆಮೇಲೆ ಅವನು ಓಡಿಹೋಗುವ ಮಾತೆತ್ತುತ್ತಾನೆ, ಅವಳು ನಿರಾಕರಿಸುತ್ತಾಳೆ. ಇಬ್ಬರು ಸಾಕ್ಷಿಗಳೂ ಅರ್ಧರ್ಧ ಸತ್ಯ ಕೇಳಿಸಿಕೊಂಡಿದ್ದರು ಎನ್ನುವಂತಾಗುತ್ತದೆ. ಇದನ್ನು ಮೂಲಕ್ಕೆ ಮಾಡಿದ ದ್ರೋಹವೆನ್ನುವುದು ಪುಸ್ತಕದ ಸ್ವಭಾವವನ್ನೇ ಮರೆತ ಮಾತು. ನನ್ನ ಮಟ್ಟಿಗೆ ಇಡೀ ಸರಣಿಯಲ್ಲಿ ಮೂಲವನ್ನು ಅತ್ಯಂತ ಬುದ್ಧಿವಂತಿಕೆಯಿಂದ ಓದಿರುವ ಜಾಗ ಇದೇ.

ಖಚಿತವಾದದ್ದನ್ನು ಬದಲಿಸಿದ ಕಡೆ ಬೇರೆಯದೇ ಪ್ರಶ್ನೆ ಬೇಕು. ಆ ಸಂಗತಿ ಪುಸ್ತಕದಲ್ಲಿ ಯಾವ ಕೆಲಸ ಮಾಡುತ್ತಿತ್ತು, ಸರಣಿಯಲ್ಲಿ ಆ ಕೆಲಸವನ್ನು ಈಗ ಯಾರು ಮಾಡುತ್ತಿದ್ದಾರೆ ಎಂದು ಕೇಳಿ. ಪುಸ್ತಕದ ಅಲಿಸೆಂಟ್ ರೆನೀರಾಳಿಗಿಂತ ಒಂಬತ್ತು ವರ್ಷ ದೊಡ್ಡವಳು, ಮಗನಿಗೆ ಸಿಂಹಾಸನ ಬೇಕೆಂಬ ಹಟದ ಮಲತಾಯಿ. ಸರಣಿಯಲ್ಲಿ ಇಬ್ಬರೂ ಒಂದೇ ವಯಸ್ಸಿನ ಬಾಲ್ಯದ ಗೆಳತಿಯರು. ಈ ಬದಲಾವಣೆಯಿಂದ ಅಲಿಸೆಂಟಳ ಮಹತ್ವಾಕಾಂಕ್ಷೆ ತೆಳುವಾಯಿತು, ಯುದ್ಧದ ಆರಂಭಕ್ಕೆ ಸಾಯುತ್ತಿರುವ ರಾಜನ ಮಾತನ್ನು ತಪ್ಪಾಗಿ ಅರ್ಥ ಮಾಡಿಕೊಂಡದ್ದೂ ಕಾರಣವಾಗಬೇಕಾಯಿತು, ಇದು ನಷ್ಟ. ಆದರೆ ಎರಡು ಪಕ್ಷಗಳ ಜಗಳದ ನಡುವೆ ಮುರಿದ ಸ್ನೇಹವೊಂದು ಬಂದು ನಿಂತಿತು, ಇದು ಲಾಭ. ಎರಡನ್ನೂ ಒಟ್ಟಿಗೆ ಹೇಳಲು ಸಿದ್ಧರಿಲ್ಲದವರು ಇನ್ನೂ ವಾದಕ್ಕೆ ಸಿದ್ಧರಾಗಿಲ್ಲ.

ಈ ಪ್ರಶ್ನೆ ಎಷ್ಟು ದೂರ ಕೊಂಡೊಯ್ಯಬಲ್ಲದು ಎಂಬುದಕ್ಕೆ ಎರಡನೆಯ ಸೀಸನ್‌ನ ಮೊದಲ ಕಂತಿನ ಕೊಲೆಯನ್ನು ಹತ್ತಿರದಿಂದ ನೋಡಬೇಕು. ರೆನೀರಾಳ ಮಗನ ಸಾವಿಗೆ ಸೇಡಾಗಿ ನಡೆಯುವ ಇದನ್ನು ಅಭಿಮಾನಿಗಳು ಕೊಲೆಗಾರರ ಅಡ್ಡಹೆಸರುಗಳಿಂದ ‘ಬ್ಲಡ್ ಅಂಡ್ ಚೀಸ್’ ಎಂದು ಕರೆಯುತ್ತಾರೆ. ಪುಸ್ತಕದಲ್ಲಿ ಅಲಿಸೆಂಟಳ ಮಗಳಾದ ರಾಣಿ ಹೆಲೇನಾಳಿಗೆ ಮೂವರು ಮಕ್ಕಳು: ಅವಳಿಗಳಾದ ಜೆಹೇರಿಸ್ ಮತ್ತು ಜೆಹೇರಾ, ಎರಡು ವರ್ಷದ ಮೇಲೋರ್. ಸಂಜೆ ಮಕ್ಕಳನ್ನು ಕರೆದುಕೊಂಡು ತಾಯಿ ಅಲಿಸೆಂಟಳ ಕೋಣೆಗೆ ಬಂದ ಅವಳನ್ನು ಕೊಲೆಗಾರರು ಅಡ್ಡಗಟ್ಟಿ, ಇಬ್ಬರು ಗಂಡುಮಕ್ಕಳಲ್ಲಿ ಯಾರು ಸಾಯಬೇಕೆಂದು ನೀನೇ ಹೇಳು ಎನ್ನುತ್ತಾರೆ. ನನ್ನನ್ನು ಕೊಲ್ಲಿ ಎಂಬ ಅವಳ ಮೊರೆ ಫಲಿಸುವುದಿಲ್ಲ. ಕೊನೆಗೆ ಅವಳು ಅಳುತ್ತ ಮೇಲೋರನ ಹೆಸರು ಹೇಳುತ್ತಾಳೆ. ಅವರು ಜೆಹೇರಿಸನನ್ನು ಕೊಲ್ಲುತ್ತಾರೆ. ನಿನ್ನ ತಾಯಿ ನಿನ್ನ ಸಾವನ್ನು ಬಯಸಿದಳು ಎಂಬ ಮಾತನ್ನು ಕೇಳಿಸಿಕೊಂಡ ಮಗು ಬದುಕಿ ಉಳಿಯುತ್ತದೆ, ಆ ಮಗುವಿನ ಮುಖ ನೋಡಲು ತಾಯಿಗೆ ಮುಂದೆ ಆಗುವುದೇ ಇಲ್ಲ.

ಸರಣಿಯಲ್ಲಿ ಮೇಲೋರ್ ಹುಟ್ಟಿಯೇ ಇಲ್ಲ. ಮಲಗಿರುವ ಅವಳಿಗಳಲ್ಲಿ ಗಂಡುಮಗು ಯಾವುದೆಂದು ಕೊಲೆಗಾರರಿಗೆ ತಿಳಿಯುವುದಿಲ್ಲ. ಹೆಲೇನಾ ತನ್ನ ಹಾರವನ್ನು ಕೊಡಲು ನೋಡುತ್ತಾಳೆ, ಆಮೇಲೆ ಮಗನತ್ತ ಬೆರಳು ತೋರಿಸುತ್ತಾಳೆ, ಮಗಳನ್ನು ಎತ್ತಿಕೊಂಡು ಓಡುತ್ತಾಳೆ. ಆ ದೃಶ್ಯದ ತಣ್ಣನೆಯ ಭಯ ನಿಜವಾದದ್ದು, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಇಲ್ಲಿ ತಾಯಿ ಆರಿಸುವುದಿಲ್ಲ, ಗುರುತಿಸುತ್ತಾಳೆ. ಪುಸ್ತಕದ ಹೆಲೇನಾಳನ್ನು ಒಳಗಿನಿಂದ ಮುರಿದುಹಾಕುವ ಅಪರಾಧಪ್ರಜ್ಞೆಗೆ ಇಲ್ಲಿ ಅದೇ ನೆಲೆಯಿಲ್ಲ.

ಹೀಗೆ ಕಂಡುಕೊಂಡ ಮೇಲೆ ಬದಲಾವಣೆಯ ಪರಿಣಾಮ ಮುಂದೆ ಎಲ್ಲೆಲ್ಲಿಗೆ ಹರಿಯುತ್ತದೆ ಎಂದು ಹಿಂಬಾಲಿಸಿ. 2024ರ ಸೆಪ್ಟೆಂಬರ್‌ನಲ್ಲಿ ಮಾರ್ಟಿನ್ ಸ್ವತಃ ಇದನ್ನು ಮಾಡಿದರು. ಮೇಲೋರನನ್ನು ಕೈಬಿಟ್ಟದ್ದರಿಂದ ಬಿಟರ್‌ಬ್ರಿಜ್‌ನಲ್ಲಿ ಜನರ ಗುಂಪಿಗೆ ಸಿಕ್ಕು ಆ ಮಗು ಸಾಯುವ ಘಟನೆ ಇಲ್ಲವಾಗುತ್ತದೆ, ಹೆಲೇನಾಳ ಆತ್ಮಹತ್ಯೆಗೆ ಇರುವ ಪ್ರೇರಣೆ ಸಡಿಲವಾಗುತ್ತದೆ, ಅವಳ ಸಾವಿನಿಂದ ರಾಜಧಾನಿಯಲ್ಲಿ ಏಳುವ ದಂಗೆಯವರೆಗೂ ಅದರ ಪರಿಣಾಮ ಮುಟ್ಟುತ್ತದೆ ಎಂಬ ಸರಪಳಿಯನ್ನು ತೋರಿಸಿ ಅವರು ಬರೆದ ಲೇಖನ ಪ್ರಕಟವಾದ ಕೆಲವೇ ಗಂಟೆಗಳಲ್ಲಿ ತೆಗೆದುಹಾಕಲ್ಪಟ್ಟಿತು. ಪುಸ್ತಕದಲ್ಲಿ ಅಷ್ಟೇನೂ ಮಾತಿಲ್ಲದ ಒಂದು ಮಗುವಿನ ಬಗ್ಗೆ ಲೇಖಕನೊಬ್ಬ ಅಷ್ಟು ಕಳವಳಪಟ್ಟದ್ದು ನನಗೆ ಸರಿಯೆಂದೇ ತೋರುತ್ತದೆ. ಕನ್ನಡದ ಓದುಗರಿಗೆ ಇಂಥ ವಿಚಾರಣೆ ಹೊಸದಲ್ಲ: ಪಂಪ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಹೆಂಡತಿಯಾಗಿಸಿದ ಮೇಲೆ ಅವಳ ಮುಡಿಯನ್ನು ಭೀಮ ಕಟ್ಟುವುದು ಹೇಗೆ ಹೊಂದುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ವಿಮರ್ಶೆ ಗಂಭೀರವಾಗಿಯೇ ಎತ್ತಿದೆ, ಅದರಿಂದ ಪಂಪನ ಮೇಲಿನ ಗೌರವವೇನೂ ಕುಂದಿಲ್ಲ.

ಇಷ್ಟಕ್ಕೇ ನಿಲ್ಲಿಸದೆ, ಪುಸ್ತಕದಲ್ಲಿ ಒಬ್ಬರು ಮಾಡುತ್ತಿದ್ದ ಕೆಲಸ ಸರಣಿಯಲ್ಲಿ ಇನ್ನೊಬ್ಬರ ಪಾಲಿಗೆ ಹೋಗಿದೆಯೇ ಎಂದು ಹುಡುಕಿ. ಎರಡನೆಯ ಸೀಸನ್‌ನ ಕೊನೆಯ ಕಂತಿನಲ್ಲಿ ಅಲಿಸೆಂಟ್ ಗುಟ್ಟಾಗಿ ರೆನೀರಾಳ ಬಳಿಗೆ ಬರುತ್ತಾಳೆ. ಶಾಂತಿ ಬೇಕಾದರೆ ಸತ್ತ ತನ್ನ ಮಗನಿಗೆ ಪ್ರತಿಯಾಗಿ ಅಲಿಸೆಂಟಳ ಮಗನ ತಲೆ ಕೊಡಬೇಕೆಂದು ರೆನೀರಾ ಹೇಳಿದಾಗ ಅಲಿಸೆಂಟ್ ಒಪ್ಪುತ್ತಾಳೆ. ಮಗನ ಸಾವಿಗೆ ತಾಯಿಯೇ ಸಮ್ಮತಿಸಬೇಕಾದ ಆ ಘೋರ ಸಂದರ್ಭ ಹೆಲೇನಾಳನ್ನು ಬಿಟ್ಟು ಅವಳ ತಾಯಿಯ ಪಾಲಿಗೆ ಬಂದಿದೆ ಎಂದು ಸರಣಿಯ ಪರವಾಗಿ ವಾದಿಸಬಹುದು. ಇದು ಗಟ್ಟಿಯಾದ ವಾದ. ಸರಣಿಯನ್ನು ಮೆಚ್ಚುವವರು ಕೇವಲ ‘ಎರಡೂ ಬೇರೆ ಬೇರೆ ಮಾಧ್ಯಮ’ ಎನ್ನುವ ಬದಲು ಇದನ್ನು ಮುಂದಿಡಬೇಕು. ನನಗೆ ಇದು ಪೂರ್ತಿ ಒಪ್ಪಿಗೆಯಾಗದಿರಲು ಕಾರಣ, ಹೆಲೇನಾಳದು ಕತ್ತಿಯ ಮೊನೆಯಲ್ಲಿ ಹೊರಟ ಮಾತು, ಅಲಿಸೆಂಟಳದು ತಾನಾಗಿ ನಡೆದುಬಂದು ಕೊಟ್ಟ ಮಾತು. ಮೊದಲನೆಯದು ಹುಟ್ಟಿಸುವ ಕರುಣೆಯನ್ನು ಎರಡನೆಯದು ಹುಟ್ಟಿಸಲಾರದು.

ಕಾರಣವನ್ನೂ ಸಮರ್ಥನೆಯನ್ನೂ ಒಂದೇ ಎಂದು ತಿಳಿಯಬೇಡಿ. ಎರಡು ವರ್ಷದ ಮಗುವನ್ನು ಇಟ್ಟುಕೊಂಡು ಚಿತ್ರೀಕರಣ ಮಾಡಿದರೆ ಕೆಲಸ ನಿಧಾನವಾಗುತ್ತದೆ, ಖರ್ಚೂ ಏರುತ್ತದೆ ಎಂಬುದು ಸರಣಿಯ ಮುಖ್ಯಸ್ಥ ರಯನ್ ಕಾಂಡಲ್ ತಮಗೆ ಹೇಳಿದ ಕಾರಣವೆಂದು ಮಾರ್ಟಿನ್ ಬರೆದಿದ್ದರು. ಅದು ನ್ಯಾಯವಾದ ಕಾರಣ, ತಯಾರಕರನ್ನು ಸೋಮಾರಿಗಳೆಂದು ಬೈಯುವವರು ಅದನ್ನು ಗಮನಿಸಬೇಕು. ಆದರೆ ಅದರಿಂದ ಕಥೆಗೆ ಆದ ನಷ್ಟ ತುಂಬುವುದಿಲ್ಲ. ಹಾಗೆಯೇ ಮೂಲ ಲೇಖಕರ ಅಸಮಾಧಾನ ಒಂದು ಸಾಕ್ಷ್ಯ ಮಾತ್ರ, ತೀರ್ಪಲ್ಲ. ಅವರು ಸರಪಳಿ ತೋರಿಸಿದ ಕಾರಣಕ್ಕೆ ಅವರ ವಾದಕ್ಕೆ ತೂಕವಿದೆ, ಬರೆದವರು ಅವರೇ ಎಂಬ ಒಂದೇ ಕಾರಣಕ್ಕಲ್ಲ.

ಓದದೆ ನೋಡುತ್ತಿರುವವರ ಜೊತೆ ಮಾತನಾಡುವಾಗ ಮುಂದಿನ ಕಥೆ ಹೇಳಬಹುದೇ ಎಂದು ಕೇಳಿಯೇ ಹೇಳಿ. ಮುಂದಿನ ಕಥೆ ತೆರೆಯಲು ಒಪ್ಪದವರ ಎದುರು ಈವರೆಗೆ ಪರದೆಯ ಮೇಲೆ ಬಂದದ್ದರಿಂದಲೇ ನಿಮ್ಮ ಮಾತನ್ನು ಸಾಧಿಸಲು ಪ್ರಯತ್ನಿಸಿ. ಆಗದಿದ್ದರೆ ಆ ಮಾತನ್ನು ಅಲ್ಲಿಗೆ ಬಿಡಿ. ಪರಿಣಾಮ ಇನ್ನೂ ಬರಬೇಕಿರುವ ಬದಲಾವಣೆಗಳ ಬಗ್ಗೆಯಂತೂ ಕೊನೆಯ ಮಾತು ಹೇಳದೆ, ಮೇಲೋರನಿಲ್ಲದೆ ಹೆಲೇನಾಳ ಅಂತ್ಯಕ್ಕೆ ಸರಣಿ ಯಾವ ಕಾರಣ ಕೊಟ್ಟರೆ ನೀವು ಒಪ್ಪುವಿರಿ, ಯಾವುದು ಕೊಟ್ಟರೆ ಒಪ್ಪಲಾರಿರಿ ಎಂದು ಮುಂಚಿತವಾಗಿ ಬರೆದಿಡಿ. ಆ ಕಂತು ಬಂದ ದಿನ ಬರೆದದ್ದನ್ನು ತೆಗೆದು ನೋಡಿ, ಅಲ್ಲಿಂದ ಮುಂದಕ್ಕೆ ವಾದಿಸಿ.