ಕರೆಂಟ್ ಹೋದರೂ ನಿಲ್ಲದ ಮಳೆ ಲೆಕ್ಕ: ತರಗತಿಯಲ್ಲಿ ಕ್ಲೌಡ್, ನನ್ನ ಅನುಭವ

ಸೋಮವಾರಪೇಟೆ ಕಡೆಯ ಪ್ರೌಢಶಾಲೆಯೊಂದರಲ್ಲಿ ನಾನು ಗಣಿತ ಕಲಿಸುತ್ತೇನೆ. ಮುಂಗಾರು ಹಿಡಿಯಿತೆಂದರೆ ಇಲ್ಲಿ ತಂತಿಯ ಮೇಲೆ ಮರ ಬೀಳುತ್ತದೆ, ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ನೆಟ್‌ವರ್ಕ್ ಕೂಡ. ಕ್ಲೌಡ್, ಅಂದರೆ ಕಡತಗಳನ್ನು ಇಂಟರ್ನೆಟ್ಟಿನಲ್ಲಿಟ್ಟು ಬಳಸುವ ವ್ಯವಸ್ಥೆಗೆ, ದಿನವಿಡೀ ಇಂಟರ್ನೆಟ್ ಬೇಕು ಎಂದುಕೊಂಡು ಎಷ್ಟೋ ಶಿಕ್ಷಕರು ಅದರ ತಂಟೆಗೇ ಹೋಗುವುದಿಲ್ಲ. ಪಾಠವನ್ನು ಸರಿಯಾಗಿ ಹೊಂದಿಸಿಕೊಂಡರೆ ದಿನಕ್ಕೆ ಕೆಲವು ನಿಮಿಷದ ಸಂಪರ್ಕ ಧಾರಾಳವಾಗಿ ಸಾಕು.

ಒಂಬತ್ತನೇ ತರಗತಿಯ ಸಂಖ್ಯಾಶಾಸ್ತ್ರಕ್ಕೆ ನಮ್ಮೂರ ಮಳೆಯನ್ನೇ ತೆಗೆದುಕೊಂಡೆವು. ಕೊಡಗಿನ ಕಾಫಿ ತೋಟಗಳಲ್ಲಿ ಮಳೆಮಾಪಕ ಇಟ್ಟು, ಬೆಳಿಗ್ಗೆ ಇಂಚು, ಸೆಂಟುಗಳಲ್ಲಿ (ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ) ಬರೆದಿಡುವ ರೂಢಿ ಹಳೆಯದು. ಕಾಫಿ ಗಿಡದ ಹೂ ಅರಳಿಸುವ ಹೂಮಳೆ ಎಷ್ಟು ಬಿತ್ತು ಎಂಬುದರ ಮೇಲೆ ಫಸಲಿನ ಲೆಕ್ಕ ನಿಂತಿರುವ ಊರಿದು. ಮನೆಯಲ್ಲಿ ತೋಟವಿರುವ ಮಕ್ಕಳು ತಾವೇ ನೋಡಿ ಬರುತ್ತಾರೆ. ಕಾರ್ಮಿಕರ ಲೈನ್ ಮನೆಯ ಮಕ್ಕಳು ತೋಟದ ರೈಟರ್ (ಲೆಕ್ಕ ಬರೆಯುವವರು) ಬಳಿ ಕೇಳಿ ಬರೆದುಕೊಂಡು ಬರುತ್ತಾರೆ. ಅದನ್ನು ಕ್ಲೌಡ್‌ನಲ್ಲಿರುವ ಗೂಗಲ್ ಶೀಟ್ಸ್ ಎಂಬ ಕೋಷ್ಟಕದ ಒಂದೇ ಹಾಳೆಗೆ ತುಂಬುವುದು ತರಗತಿಯ ಕೆಲಸ.

ಇಂಟರ್ನೆಟ್ ಇಲ್ಲದಾಗಲೂ ಹಾಳೆ ತುಂಬಲು ಬಿಡುವ ಆಫ್‌ಲೈನ್ ವ್ಯವಸ್ಥೆಯನ್ನು ಇಂಟರ್ನೆಟ್ ಇರುವಾಗಲೇ ಪ್ರತಿ ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ ಚಾಲೂ ಮಾಡಿಡಬೇಕು. ಕರೆಂಟ್ ಹೋದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ಒಂದು ತಂಡಕ್ಕೆ ಒಂದೇ ಲ್ಯಾಪ್‌ಟಾಪ್, ಒಂದೇ ಖಾತೆ ಎಂದು ಗೊತ್ತುಮಾಡಿದ್ದೇನೆ. ಬ್ಯಾಟರಿ ಇರುವವರೆಗೆ ಮಕ್ಕಳು ತುಂಬುತ್ತಾರೆ. ಸಂಜೆ ನನ್ನ ಮೊಬೈಲಿನ ಹಾಟ್‌ಸ್ಪಾಟ್ ಕೊಟ್ಟರೆ ಎಲ್ಲ ಅಂಕಿಗಳೂ ಹೋಗಿ ಕೂಡಿಕೊಳ್ಳುತ್ತವೆ. ಅಂಕಿಗಳ ಹಾಳೆಗೆ ಡೇಟಾ ಖರ್ಚು ಅಷ್ಟಕ್ಕಷ್ಟೇ, ವಿಡಿಯೊದಂತೆ ನುಂಗುವುದಿಲ್ಲ. ಇಬ್ಬರು ಆಫ್‌ಲೈನ್‌ನಲ್ಲಿ ಹಾಳೆಯ ಒಂದೇ ಚೌಕವನ್ನು ತಿದ್ದಿದರೆ ಒಬ್ಬರು ಬರೆದದ್ದರ ಮೇಲೆ ಇನ್ನೊಬ್ಬರದು ಕೂರುತ್ತದೆ. ಆದ್ದರಿಂದ ಪ್ರತಿ ಊರಿಗೂ ಬೇರೆ ಕಂಬಸಾಲು (ಕಾಲಂ), ಅದನ್ನು ತುಂಬುವ ತಂಡವೂ ಒಂದೇ.

ನಿಜವಾದ ಗಣಿತ ಶುರುವಾಗುವುದು ಇಲ್ಲಿಂದ. ಪತ್ರಿಕೆಯಲ್ಲಿ ಮಳೆ ಮಿಲಿಮೀಟರಿನಲ್ಲಿ, ತೋಟದ ಪುಸ್ತಕದಲ್ಲಿ ಇಂಚಿನಲ್ಲಿ. ಒಂದು ಇಂಚಿಗೆ 25.4 ಮಿಲಿಮೀಟರ್, 2 ಇಂಚು 35 ಸೆಂಟು ಎಂದರೆ 59.69. ಸೂತ್ರವನ್ನು ಮಕ್ಕಳೇ ಬರೆದರು. ಒಮ್ಮೆ ಒಂದು ಊರಿನ ಮಳೆಯ ಗ್ರಾಫ್ ಗೋಪುರದಂತೆ ಮೇಲೆದ್ದಿತು. ಆ ಅಂಕಿಯ ಮೇಲೆ ಮೌಸಿನ ಬಲ ಗುಂಡಿ ಒತ್ತಿ ತಿದ್ದುಪಡಿಯ ಇತಿಹಾಸ ತೆರೆದೆವು: ಮೊದಲು 2.35 ಇತ್ತು, ಆಮೇಲೆ 235 ಆಗಿದೆ. "ಟೀಚರ್, ಚುಕ್ಕಿ ಹೋಗಿದೆ" ಎಂದು ಹುಡುಗಿಯೊಬ್ಬಳು ತಾನೇ ಹಿಡಿದಳು. ದಶಮಾಂಶ ಬಿಂದುವಿನ ಮಹತ್ವವನ್ನು ನಾನು ಕರಿಹಲಗೆಯ ಮೇಲೆ ಎಷ್ಟು ಹೇಳಿದ್ದರೂ ಇಷ್ಟು ನಾಟುತ್ತಿರಲಿಲ್ಲ. ಮರುದಿನ ಸೊನ್ನೆಯಿಂದ ಇಪ್ಪತ್ತರೊಳಗಿನ ಸಂಖ್ಯೆಯನ್ನು ಮಾತ್ರ ಸ್ವೀಕರಿಸುವ ನಿಯಮವನ್ನೂ ಅವರೇ ಹಾಕಿದರು.

ಹಾಳೆಯಲ್ಲಿ ಮಕ್ಕಳ ಹೆಸರಿಲ್ಲ, ಊರಿನ ಹೆಸರು ಮಾತ್ರ. ಖಾತೆಗಳು ಶಾಲೆಯವು, ಹಾಳೆಯ ಕೊಂಡಿ ಹೊರಗಿನವರಿಗೆ ತೆರೆಯುವುದಿಲ್ಲ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳೇ, ಪೋಷಕರ ಒಪ್ಪಿಗೆ ಮುಖ್ಯ. ಪೋಷಕರ ಸಭೆಯಲ್ಲಿ ಹಾಳೆಯನ್ನೇ ತೆರೆದು ತೋರಿಸಿ ಒಪ್ಪಿಗೆ ಪಡೆದೆ. ಇದನ್ನು ಬರಿಯ ಸಹಿ ಹಾಕಿಸುವ ಕೆಲಸವೆಂದು ಯಾರೂ ತಿಳಿಯಬಾರದು.

ವರ್ಷದ ಕೊನೆಗೆ ಇಡೀ ಹಾಳೆಯನ್ನು ಇಳಿಸಿಕೊಂಡು ಶಾಲೆಯ ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಇಡುತ್ತೇನೆ, ಇನ್ನೊಂದನ್ನು ಮುದ್ರಿಸಿ ಗ್ರಂಥಾಲಯಕ್ಕೆ ಕೊಡುತ್ತೇನೆ. ಮುಂದಿನ ತಂಡ ಹಿಂದಿನವರ ಅಂಕಿಗಳ ಪಕ್ಕದಲ್ಲೇ ತನ್ನದನ್ನು ತುಂಬಲು ಶುರುಮಾಡುತ್ತದೆ.