ಆನ್‌ಲೈನ್ ರೇಡಿಯೊ ಮೂಲಕ ಇಂಗ್ಲಿಷ್ ಆಲಿಸುವಿಕೆಯನ್ನು ಕಲಿಸುವುದು

ಓದಿದಾಗ ಸುಲಭವಾಗಿ ಅರ್ಥವಾಗುವ ಇಂಗ್ಲಿಷ್ ವಾಕ್ಯ, ಕಿವಿಗೆ ಬಿದ್ದಾಗ ಏನೆಂದೇ ತಿಳಿಯದಿರುವುದು ಕಲಿಯುವವರಲ್ಲಿ ಬಹಳ ಸಾಮಾನ್ಯ. ಗೊತ್ತಿರುವ ಪದವೇ ಮಾತಿನ ಓಟದಲ್ಲಿ ಬೇರೆ ರೂಪ ತಾಳುವುದು ಇದಕ್ಕೆ ಮುಖ್ಯ ಕಾರಣ. ಹಾಗಾಗಿ ರೇಡಿಯೊ ಕಾರ್ಯಕ್ರಮವನ್ನು ಕೇಳಿಸಿ ಪ್ರಶ್ನೆ ಕೇಳಿದರಷ್ಟೇ ಸಾಲದು. ವಿದ್ಯಾರ್ಥಿಯ ಕಿವಿ ಯಾವ ಜಾಗದಲ್ಲಿ ಎಡವಿತು ಎಂಬುದನ್ನು ಶಿಕ್ಷಕರು ಗುರುತಿಸಬೇಕು.

ನೇರ ಪ್ರಸಾರವನ್ನು ಹಿಂದಕ್ಕೆ ತಿರುಗಿಸಿ ಬೇಕಾದ ವಾಕ್ಯವನ್ನೇ ಮತ್ತೆ ಕೇಳಿಸುವುದು ಕಷ್ಟವಾದ್ದರಿಂದ, ಲಿಖಿತ ಪಠ್ಯವೂ ಜೊತೆಗಿರುವ ಧ್ವನಿಮುದ್ರಿತ ಕಾರ್ಯಕ್ರಮವನ್ನು ಆರಿಸಿಕೊಳ್ಳಿ. ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ ‘ಸಿಕ್ಸ್ ಮಿನಿಟ್ ಇಂಗ್ಲಿಷ್’ ಮಧ್ಯಮ ಹಂತದವರಿಗೆ ಒಪ್ಪುತ್ತದೆ. ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಕೊನೆಯಲ್ಲಿ ಉತ್ತರ ಬರುವುದರಿಂದ, ಗಮನವಿಟ್ಟು ಕೇಳಲು ಸಹಜವಾದ ಕಾರಣವೂ ಸಿಗುತ್ತದೆ. ಆರಂಭಿಕ ಹಂತದವರಿಗೆ ವಾಯ್ಸ್ ಆಫ್ ಅಮೆರಿಕ 1959ರಲ್ಲಿ ‘ಸ್ಪೆಷಲ್ ಇಂಗ್ಲಿಷ್’ ಹೆಸರಿನಲ್ಲಿ ಆರಂಭಿಸಿದ, ಸುಮಾರು 1500 ಪದಗಳ ಮಿತಿಯೊಳಗೆ ನಿಧಾನವಾಗಿ ಓದುವ ಮಾದರಿಯ ಕಾರ್ಯಕ್ರಮಗಳು ಮೇಲು. ಆದರೆ ಅಲ್ಲೇ ಬಹುಕಾಲ ಉಳಿಯಬಾರದು, ಏಕೆಂದರೆ ದಿನನಿತ್ಯದ ಮಾತು ಅಷ್ಟು ಬಿಡಿಬಿಡಿಯಾಗಿ ಇರುವುದಿಲ್ಲ.

ತರಗತಿಗೆ ಒಂದೆರಡು ನಿಮಿಷದ ತುಣುಕು ಸಾಕು. ಮೊದಲ ಬಾರಿ ಕೇಳಿಸುವಾಗ ಯಾರು, ಯಾವ ವಿಷಯ ಮಾತನಾಡುತ್ತಿದ್ದಾರೆ ಎಂಬುದನ್ನಷ್ಟೇ ಗಮನಿಸಲು ಹೇಳಿ, ಬರೆಯಲು ಬಿಡಬೇಡಿ. ಎರಡನೆಯ ಬಾರಿಗೆ ಮುಂಚೆ ವಿವರಗಳ ಕುರಿತ ಪ್ರಶ್ನೆಗಳನ್ನು ಕೊಡಿ.

ನಿಜವಾದ ಕಲಿಕೆ ನಡೆಯುವುದು ಮೂರನೆಯ ಸುತ್ತಿನಲ್ಲಿ. ಎರಡು ಮೂರು ವಾಕ್ಯಗಳನ್ನು ಆರಿಸಿ, ಪ್ರತಿಯೊಂದನ್ನೂ ಹಲವು ಸಲ ಕೇಳಿಸಿ, ಕೇಳಿದ್ದನ್ನು ಕೇಳಿದಂತೆಯೇ ಬರೆಯಿಸಿ. ಬಳಿಕವೇ ಲಿಖಿತ ಪಠ್ಯವನ್ನು ಕೈಗೆ ಕೊಟ್ಟು ಹೋಲಿಸಲು ಹೇಳಿ. ಪಠ್ಯವನ್ನು ಮೊದಲೇ ಕೊಟ್ಟರೆ ಕಣ್ಣು ಓದುತ್ತದೆ, ಕಿವಿಗೆ ಕೆಲಸವೇ ಇರುವುದಿಲ್ಲ. ಬಿಟ್ಟುಹೋದ ಪ್ರತಿಯೊಂದು ಜಾಗದಲ್ಲೂ, ಪದವೇ ಹೊಸದೋ ಅಥವಾ ತಿಳಿದ ಪದವೇ ಗುರುತು ಸಿಗಲಿಲ್ಲವೋ ಎಂದು ವಿದ್ಯಾರ್ಥಿಯೇ ಹೇಳಬೇಕು. ಮೊದಲನೆಯದಕ್ಕೆ ಅರ್ಥ ತಿಳಿಸಿದರೆ ಮುಗಿಯಿತು. ಎರಡನೆಯದಕ್ಕೆ ಅಭ್ಯಾಸ ಬೇಕು. ‘ಡಿಡ್ ಯೂ’ ಎಂಬುದು ‘ಡಿಜು’ ಎಂದೂ, ‘ನೆಕ್ಸ್ಟ್ ಡೇ’ ಎಂಬುದು ‘ನೆಕ್ಸ್ ಡೇ’ ಎಂದೂ, ಎರಡು ಪದಗಳ ನಡುವಿನ ‘ಆ್ಯಂಡ್’ ಬರಿಯ ‘ನ್’ ಎಂದೂ ಕೇಳಿಸುತ್ತದೆ. ಇಂಥ ಕಡೆ ಆ ವಾಕ್ಯವನ್ನು ನಿರೂಪಕರ ಜೊತೆಜೊತೆಗೇ, ಅವರ ವೇಗದಲ್ಲಿಯೇ ಹೇಳಿಸಿ. ತನ್ನ ನಾಲಿಗೆಯ ಮೇಲೆ ಬಂದ ಉಚ್ಚಾರವನ್ನು ಕಿವಿ ಬೇಗ ಗುರುತಿಸುತ್ತದೆ.

ಪ್ಲೇಯರ್‌ನಲ್ಲಿ ವೇಗವನ್ನು 0.75ಕ್ಕೆ ಇಳಿಸುವ ಸೌಲಭ್ಯವನ್ನು ನಾನು ಮೆಚ್ಚುತ್ತೇನಾದರೂ, ಅದನ್ನು ಕೊನೆಯ ಆಸರೆಯಾಗಿ ಮಾತ್ರ ಬಳಸಬೇಕೆಂದು ಒತ್ತಾಯಿಸುತ್ತೇನೆ. ಅದು ಇರುವ ಧ್ವನಿಯನ್ನು ಹಿಗ್ಗಿಸುತ್ತದೆಯೇ ಹೊರತು, ಮಾತಿನಲ್ಲಿ ಬಿಟ್ಟುಹೋದ ಧ್ವನಿಯನ್ನು ತಂದುಕೊಡುವುದಿಲ್ಲ.

ಕಾರ್ಯಕ್ರಮದ ಉಳಿದ ಭಾಗವನ್ನು ಮನೆಯಲ್ಲಿ ಕೇಳಲು ಕೊಂಡಿ ಕಳುಹಿಸಿ, ಅರ್ಥ ತಪ್ಪಿದ ಕಡೆಯ ನಿಮಿಷ ಮತ್ತು ಸೆಕೆಂಡನ್ನು ಗುರುತು ಹಾಕಿಕೊಂಡು ಬರಲು ಹೇಳಿ. ಹೆಚ್ಚು ಮಂದಿ ಗುರುತು ಹಾಕಿದ ವಾಕ್ಯಗಳೇ ಮುಂದಿನ ತರಗತಿಯ ಪಾಠವಾಗಲಿ.